ಟವಲಿನ ಕೆಳಗೆ ನಡೆದ ಕಿವಿ ಪರೀಕ್ಷೆ

ಅವತ್ತು ಮಾಡಿದ ಕೆಲಸಗಳು ಇವು. ಹಾಲು ಕಾಯಿಸಿ ಹೆಪ್ಪು ಹಾಕಿದ್ದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದದ್ದು. ಮಾವನವರ ಪೂಜೆಗೆ ವಿಭೂತಿ ತಟ್ಟೆ ಒರೆಸಿ ಇಟ್ಟದ್ದು. ನಡುಮನೆಯ ಜಮಖಾನೆಯನ್ನು ಬಿಸಿಲಿಗೆ ಹಾಕಿ ಬಡಿದದ್ದು. ರಾತ್ರಿಯ ಸಾರಿಗೆ ಅವರೆಕಾಯಿ ಸುಲಿದದ್ದು, ಬೋಂಡಕ್ಕೆ ಈರುಳ್ಳಿ ಹೆಚ್ಚಿದ್ದು. ಕಿರಿಯ ನಾದಿನಿಯ ಜಡೆ ಹೆಣೆದು, ಅವಳು ಅತ್ತು ಕೆಡಿಸಿಕೊಂಡ ಕಾಡಿಗೆಯನ್ನು ಮತ್ತೆ ತಿದ್ದಿದ್ದು. ಅತ್ತೆಯವರ ಕಿವಿ ಮಿಷನ್ನಿಗೆ ಹೊಸ ಸೆಲ್ ಹಾಕಿ, ಅದರ ಪುಟ್ಟ ಚಕ್ರದ ಮೇಲಿನ ಪ್ಲಾಸ್ಟರನ್ನು ಮೊದಲಿದ್ದ ಹಾಗೆಯೇ ಮತ್ತೆ ಅಂಟಿಸಿದ್ದು.

ಈ ಕೊನೆಯ ಕೆಲಸವನ್ನು ಮಾತ್ರ ದೇವರ ಮನೆಯ ಬಾಗಿಲು ಮುಂದಕ್ಕೆ ಹಾಕಿಕೊಂಡು ಮಾಡಿದೆ. ಮಾವನವರು ನೋಡಿದ್ದರೆ ಮನೆಯಲ್ಲಿ ಅವತ್ತು ಗಂಡಿನ ಕಡೆಯವರು ಬರುವ ಬದಲು ಪಂಚಾಯ್ತಿಯವರು ಬರಬೇಕಾಗುತ್ತಿತ್ತು.

ಮಾವನವರು ಹಿಂದೂಪುರದಲ್ಲಿ ಹುಣಸೆಹಣ್ಣಿನ ದಲ್ಲಾಳಿ. ಆಗೆಲ್ಲ ಅವರ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಕೈಗೆ ಕೈ ಕೊಟ್ಟು, ಮೇಲೆ ಟವಲು ಹೊದಿಸಿ, ಒಳಗೊಳಗೇ ಬೆರಳು ಅದುಮಿ ಬೆಲೆ ಹೇಳುತ್ತಿದ್ದರು. ಮುಖಗಳು ಮಳೆಬೆಳೆ ಮಾತಾಡುತ್ತಿದ್ದರೆ ಬೆರಳುಗಳು ಟವಲಿನ ಕೆಳಗೆ ಕುಸ್ತಿಗೆ ಬಿದ್ದಿರುತ್ತಿದ್ದವು. ಎದುರಿನವನ ಹೆಬ್ಬೆರಳು ಅಳುಕಿದರೆ ಸಾಕು, ಅವನು ಇನ್ನೆಷ್ಟು ಏರಬಲ್ಲ ಎಂಬುದು ಮಾವನವರಿಗೆ ತಿಳಿಯುತ್ತಿತ್ತಂತೆ. ಹೀಗೆ ಹುಣಸೆ ಮಂಡಿಯಲ್ಲಿ ದಿನವಿಡೀ ಉಳಿಸಿದ ಬಾಯನ್ನು ಅವರು ಸಂಜೆ ಮನೆಗೆ ಬಂದು ಬಳಸುತ್ತಿದ್ದರು. ಬಿಳಿ ಹುಣಸೆ, ಕೆಂಪು ಹುಣಸೆ, ಸರ್ಕಾರ, ಸೊಸೆ, ಸಾರಿನ ಉಪ್ಪು, ಯಾವುದನ್ನೂ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಮಾತಿನ ಎದುರು ಕೂತು ಅತ್ತೆಯವರು ನಗುತ್ತ ತಲೆ ಆಡಿಸುತ್ತಿದ್ದರು. ಎಂಥ ಸಹನೆ ಎಂದುಕೊಂಡಿದ್ದೆ, ಮದುವೆಯಾಗಿ ಬಂದ ಹೊಸತರಲ್ಲಿ. ಅವರಿಗೆ ಕೇಳುತ್ತಿರಲಿಲ್ಲ, ಅಷ್ಟೇ. ಸ್ವಲ್ಪ ಸ್ವಲ್ಪವಾಗಿ ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿತ್ತು. ಮನೆಯಲ್ಲಿ ಅದಕ್ಕೆ ಯಾರೂ ಕಿವುಡು ಎನ್ನುತ್ತಿರಲಿಲ್ಲ. ಗಮನವಿಲ್ಲ ಎನ್ನುತ್ತಿದ್ದರು, ಹಠ ಎನ್ನುತ್ತಿದ್ದರು, ಬೇಕಾದ್ದು ಕೇಳುತ್ತೆ ಬೇಡದ್ದು ಕೇಳಲ್ಲ ಎನ್ನುತ್ತಿದ್ದರು. ಕಿವುಡು ಎಂದರೆ ಕಾಯಿಲೆಯಾಗುತ್ತದೆ, ದವಾಖಾನೆಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಹಠ ಎಂದರೆ ಯಾರೂ ಎದ್ದು ಹೋಗಬೇಕಾಗಿಲ್ಲ, ಕೂತಲ್ಲಿಂದಲೇ ಬೈದರೆ ಆಯಿತು.

ಹಿರಿಯ ನಾದಿನಿಯ ಮದುವೆ ಮಾತುಕತೆಯೂ ಈ ತಲೆ ಆಡಿಸುವಿಕೆಯಲ್ಲೇ ನಡೆದುಹೋಗಿತ್ತು. ಅವತ್ತು ಗಂಡಿನ ಕಡೆಯವರು ಏನೇನೋ ಹೇಳುವ ನಡುವೆ, ನಾವು ಹೆಣ್ಣನ್ನು ಹೆರಿಗೆಗೆ ತವರಿಗೆ ಕಳಿಸುವವರಲ್ಲ ಎಂದೂ ಹೇಳಿದ್ದರು. ಅತ್ತೆಯವರು ನಗುತ್ತ ತಲೆ ಆಡಿಸಿದ್ದರು. ಮುಂದೆ ಆಕೆಗೆ ದಿನ ತುಂಬಿದಾಗ ಕರೆಯಲು ಹೋದರೆ ಬೀಗಿತಿ, ಆವತ್ತು ನೀವೇ ಒಪ್ಪಿದ್ರಲ್ಲ ಎಂದು ನೆನಪಿಸಿದರಂತೆ. ಮಗಳ ಚೊಚ್ಚಲ ಹೆರಿಗೆ ತಾಯಿ ಜೊತೆಗಿಲ್ಲದೆ ಆಯಿತು. ಅತ್ತೆಯವರು ಕಟ್ಟಿಟ್ಟ ಬಾಣಂತಿ ಖಾರ, ಎಣ್ಣೆ, ಹಳೆ ಸೀರೆಯ ಬಟ್ಟೆ ಎಲ್ಲವೂ ಬಹಳ ದಿನ ಅಟ್ಟದ ಮೇಲೇ ಇದ್ದವು.

ಕಿರಿಯವಳಿಗೆ ಕಲ್ಯಾಣದುರ್ಗದಿಂದ ಸಂಬಂಧದ ಮಾತು ಬಂದಾಗ ಅತ್ತೆಯವರು ಗಂಡನ ಎದುರು ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಈ ಸಲ ನಂಗೆ ಕೇಳಿಸ್ದೇ ಇರೋ ಮಾತಿಗೆ ನಾನು ತಲೆ ಆಡ್ಸಲ್ಲ," ಎಂದರು. "ಮಿಷನ್ನೋ ಗಿಷನ್ನೋ, ಏನಾರ ತಂದ್ಕೊಡಿ."

ಮಾವನವರು ಒಂದು ವಾರ ಯೋಚಿಸಿದರು. ತಾಯಿ ಕಿವುಡಿ ಎಂದು ಗೊತ್ತಾದರೆ ಮಗಳಿಗೂ ಬರುತ್ತೆ ಅಂದುಬಿಡ್ತಾರೆ, ಸಂಬಂಧ ತಪ್ಪುತ್ತೆ ಎಂಬುದು ಅವರ ಭಯ. ಕೊನೆಗೆ ಬೆಂಗಳೂರಿಗೆ ಹೋಗಿ ಗುಟ್ಟಾಗಿ ತೋರಿಸುವುದೆಂದಾಯಿತು. ನಾನು ಬುತ್ತಿ ಹಿಡಿದು ಜೊತೆಗೆ ಹೊರಟೆ. ರೈಲಿನಲ್ಲಿ ಅವರಿಗೆ ಹೊಸ ಚಿಂತೆ ಹತ್ತಿಕೊಂಡಿತು. ಪೂರ್ತಿ ಫೇಲಾದವರಿಗೆ ಮಿಷನ್ನೇ ಕೊಡಲ್ಲ, ಇದು ಕೆಲಸಕ್ಕೆ ಬಾರದ ಕಿವಿ ಎಂದು ವಾಪಸ್ ಕಳಿಸಿಬಿಡ್ತಾರೆ ಎಂದು ಮಂಡಿಯಲ್ಲಿ ಯಾರೋ ಹೇಳಿದ್ದರಂತೆ. ದಾರಿಯುದ್ದಕ್ಕೂ ಹೆಂಡತಿಯ ಕಡೆ ನೋಡಿ, ಪರೀಕ್ಷೆಗೆ ಸರಿಯಾಗಿ ಓದಿಕೊಳ್ಳದ ಮಗುವನ್ನು ಕರೆದೊಯ್ಯುವ ತಂದೆಯಂತೆ ನಿಟ್ಟುಸಿರು ಬಿಡುತ್ತಿದ್ದರು.

ಕಿವಿ ಡಾಕ್ಟರು ಒಳ್ಳೆಯವರು. ಕಿವಿಯೊಳಗೆ ದೀಪ ಬಿಟ್ಟು ನೋಡಿ, ಎಷ್ಟು ಕೇಳುತ್ತದೆಂದು ಅಳತೆ ಮಾಡುವಾತನ ಹತ್ತಿರ ಕಳಿಸಿದರು. ಅದೊಂದು ಚಿಕ್ಕ ಕೋಣೆ. ಅತ್ತೆಯವರು ಒಬ್ಬರೇ ಹೋಗಲು ಹೆದರಿದ್ದರಿಂದ ಮಾವನವರೂ ಒಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಬುತ್ತಿ, ಕೊಡೆ, ಮೂವರ ಚಪ್ಪಲಿ ಕಾಯುತ್ತ ಕೂತೆ. ಬಂದಾಗ ಮಾವನವರ ಮುಖದಲ್ಲಿ ಬೆಳಕು. ಕಿವಿ ಹೆಚ್ಚು ಕೆಟ್ಟಿಲ್ಲ, ಒಂಚೂರು ಮಂದ, ಅಷ್ಟೇ ಎಂದು ಡಾಕ್ಟರೇ ಹೇಳಿದರಂತೆ. ಕಿವಿಯ ಅಳತೆಗೆ ಸರಿಯಾಗಿ ಅಚ್ಚು ತೆಗೆದು, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿಗೆ ವೈರು ಸೇರಿಸಿದರು, ಅದನ್ನು ತರಲು ಇನ್ನೊಂದು ಸಲ ಹೋಗಬೇಕಾಯಿತು. ಡಬ್ಬಿಯ ಮೇಲೆ ಒಂದು ಹಲ್ಲಿನ ಚಕ್ರ. ಅದನ್ನು ತಿರುಗಿಸಿದರೆ ಶಬ್ದ ಹೆಚ್ಚು ಕಡಿಮೆಯಾಗುತ್ತದೆ. ಇವರಿಗೆ ಮೊದಲನೇ ಅಂಕಿಯ ಹತ್ತಿರ ಸಾಕು ಎಂದು ಡಾಕ್ಟರು ಇಟ್ಟುಕೊಟ್ಟರು.

ವಾಪಸ್ ಬರುವಾಗ ಮಾವನವರು ಆ ಅಳತೆ ಮಾಡುವಾತನನ್ನು ಹೊಗಳಿದ್ದೇ ಹೊಗಳಿದ್ದು. "ಎಂಥಾ ನಯವಾದ ಬೆರಳಮ್ಮ ಆವಯ್ಯಂದು. ಗುಂಡಿ ಒತ್ತಿದ್ದು ಒತ್ತಿದಂಗೇ ಇಲ್ಲ. ಮಂಡೀಗೆ ಬಂದಿದ್ರೆ ಒಳ್ಳೇ ವ್ಯಾಪಾರಸ್ತ ಆಗೋನು."

ಕಿವಿ ತೋರಿಸಲು ಹೋದವರು ಬೆರಳಿನ ಮಾತು ಯಾಕೆ ಆಡುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಅವರು ಯಾರನ್ನು ನೋಡಿದರೂ ಮೊದಲು ಬೆರಳನ್ನೇ ನೋಡುವವರು, ಅದಕ್ಕೇ ಇರಬೇಕು ಎಂದುಕೊಂಡೆ.

ಮನೆಗೆ ಬಂದ ಮೇಲೆ ಮಾವನವರು ಮಿಷನ್ನಿನ ಚಕ್ರ ಅಲುಗದ ಹಾಗೆ ಅದರ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರು ಅಂಟಿಸಿದರು. ಡಾಕ್ಟರು ಇಟ್ಟದ್ದನ್ನು ಮುಟ್ಟಬಾರದು. ಅಕ್ಕಪಕ್ಕದವರು ವೈರು ನೋಡಿ ಕೇಳಿದರೆ, ರೇಡಿಯೋದಲ್ಲಿ ವಚನ ಕೇಳ್ತಾಳೆ ಎನ್ನುವುದು. ಮಾರನೆಯ ದಿನವೇ ಪಕ್ಕದ ಮನೆಯವರು ಬಂದು, ವಾರ್ತೆ ಹೊತ್ತಿಗೆ ನಮಗೂ ಒಂಚೂರು ಕೊಡಿ ಎಂದು ಕೇಳಿದರು.

ಮಿಷನ್ನು ಬಂತು, ಅಚ್ಚು ಕಿವಿಗೆ ಎರಕ ಹೊಯ್ದ ಹಾಗೆ ಕೂತಿತು, ಅತ್ತೆಯವರಿಗೆ ಮಾತ್ರ ಏನೂ ಕೇಳಲಿಲ್ಲ. ಯಾವುದೋ ದೂರದ ಮನೆಯಲ್ಲಿ ಜೋಳ ಬೀಸಿದ ಹಾಗೆ ಗುಂಯ್ ಅನ್ನುತ್ತೆ ಕಣಮ್ಮ ಎಂದು ನನ್ನ ಹತ್ತಿರ ಹೇಳಿದರು. ಮಾವನವರ ಹತ್ತಿರ ಹೇಳಿದಾಗ ಅವರು ಸಿಟ್ಟಾದರು. ಮೊದಲು ಅವರಿಗೆ ಅನುಮಾನ ಮಾತ್ರ ಇತ್ತು, ಈಗ ಬೆಂಗಳೂರಿನ ಸಾಕ್ಷಿ ಸಿಕ್ಕಿತ್ತು. ಕಿವಿ ನೆಟ್ಟಗಿದೆ ಎಂದು ದೊಡ್ಡ ಡಾಕ್ಟರೇ ಹೇಳಿದ ಮೇಲೂ ಕೇಳಲ್ಲ ಎಂದರೆ ಅದು ಹಠವಲ್ಲದೆ ಮತ್ತೇನು? ನನ್ನ ಗಂಡನೂ ತಂದೆಯ ಮಾತನ್ನು ನಂಬಿದರು. ಓದಿದವರು, ಡಾಕ್ಟರ ಮಾತಿನ ಮೇಲೆ ಅವರಿಗೆ ಗೌರವ. ಮಿಷನ್ನಿಲ್ಲದಾಗ ಅತ್ತೆಯವರು ಬರಿಯ ಕಿವುಡಿಯಾಗಿದ್ದರು. ಮಿಷನ್ನು ಬಂದ ಮೇಲೆ ಸುಳ್ಳಿಯೂ ಆದರು.

ಗಂಡಿನ ಕಡೆಯವರು ಮಾತುಕತೆಗೆ ಬರುವ ದಿನ ಗೊತ್ತಾಯಿತು. ಅತ್ತೆಯವರು ಊಟ ಕಡಿಮೆ ಮಾಡಿದರು.

ಅಷ್ಟರಲ್ಲಿ ಕಲ್ಯಾಣದುರ್ಗದಲ್ಲಿ ನಮ್ಮ ತಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ಅದು ನನ್ನ ತವರು. ಅತ್ತೆಯವರನ್ನೂ ಕರೆದುಕೊಂಡು ಹೊರಟೆ. ಸೋಮಂದೇಪಲ್ಲಿಯವರೆಗೆ ನಿಂತು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಧೂಳು ಕುಡಿದು ಊರು ಸೇರಿದೆವು. ಅಲ್ಲಿ ನಮ್ಮ ದೊಡ್ಡಮ್ಮ, ಎಂದರೆ ನನ್ನ ತಾಯಿಯ ಅಕ್ಕ, ಗಂಡ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದವರು. ಅವರಿಗೂ ಕಿವಿ ಮಂದ. ಅವರಿಗೂ ಒಂದು ಮಿಷನ್ನು.

ದೊಡ್ಡಮ್ಮನ ಮಿಷನ್ನು ಡಾಕ್ಟರ ಮುಖ ಕಂಡದ್ದಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೊಂಡದ್ದು. ಅಂಗಡಿಯವನು ಅದನ್ನೂ ರೇಡಿಯೋದಂತೆಯೇ ಮಾರಿದ್ದ. ಸೆಲ್ ಹಾಕಿ, ಕರ್ರ್ ಅಂತು, ತಗೊಂಡು ಹೋಗಿ ಎಂದಿದ್ದ. ಕಾಸು ಕೊಟ್ಟದ್ದು ಪೂರ್ತಿ ಚಕ್ರಕ್ಕೆ ಎಂದು ದೊಡ್ಡಮ್ಮ ಮೊದಲ ದಿನದಿಂದಲೇ ಅದನ್ನು ಕೊನೆಯವರೆಗೆ ತಿರುಗಿಸಿಟ್ಟರು. ತಟ್ಟೆ ಇಟ್ಟರೆ ಸಿಡಿಲು, ಮಗು ಅತ್ತರೆ ಪೊಲೀಸ್ ಸೀಟಿ. ತಿಂಗಳುಗಟ್ಟಲೆ ತಲೆನೋವು, ಹಣೆಗೆ ಸುಕ್ಕುಗಟ್ಟಿದ ಶುಂಠಿ ಪಟ್ಟು. ಅಂಗಡಿಯ ರಬ್ಬರ್ ಬಿರಡೆ ಕಿವಿಗೆ ಕೂರದೆ, ಅದಕ್ಕೆ ಹಳೆ ವಾಯಿಲ್ ಸೀರೆಯ ಚೂರು ಸುತ್ತಿಕೊಂಡಿದ್ದರು. ಆದರೂ ಅವರು ಅಗಿಯುವಾಗಲೆಲ್ಲ ಅದು ಕುಯ್ಯೋ ಎನ್ನುತ್ತಿತ್ತು. ಊಟಕ್ಕೆ ಕೂತವರೆಲ್ಲ ದೊಡ್ಡಮ್ಮನ ತುತ್ತು ಎಣಿಸಬಹುದಾಗಿತ್ತು.

ಆಮೇಲೆ ಬುದ್ಧಿ ಬಂದು ಒಂದು ಅಳತೆ ಕಂಡುಕೊಂಡರು. ಒಗ್ಗರಣೆಗೆ ಸಾಸಿವೆ ಹಾಕಿ, ಚಟಪಟ ಅನ್ನುವುದು ಕೇಳಿಸುವವರೆಗೆ ಚಕ್ರ ತಿರುಗಿಸುವುದು, ಬಾಣಲೆ ಕೆಳಗಿಟ್ಟ ಶಬ್ದಕ್ಕೆ ಮೈ ಬೆಚ್ಚಿದರೆ ಸ್ವಲ್ಪ ಹಿಂದಕ್ಕೆ ತರುವುದು. ಅಲ್ಲಿ ಎಲೆಯಡಿಕೆಯ ಸುಣ್ಣದಿಂದ ಒಂದು ಚುಕ್ಕೆ. ಬಸ್ಸಿನಲ್ಲಿ ಹೋಗಲು ಅದಕ್ಕಿಂತ ಕೆಳಗೆ ಇನ್ನೊಂದು. ನಮ್ಮಪ್ಪ ಉಪದೇಶ ಶುರು ಮಾಡಿದರೆ ಚಕ್ರ ಪೂರ್ತಿ ಕೆಳಗೆ, ಅದಕ್ಕೆ ಚುಕ್ಕೆಯ ಅಗತ್ಯವಿರಲಿಲ್ಲ.

ಅತ್ತೆಯವರ ಮಿಷನ್ನನ್ನು ದೊಡ್ಡಮ್ಮ ಕೈಗೆ ತಗೊಂಡು, ಅಚ್ಚನ್ನು ಮುಟ್ಟಿ ಮುಟ್ಟಿ ನೋಡಿ ಆಸೆಪಟ್ಟರು. ಇಷ್ಟು ಚೆಂದ ಕೂತಿದೆ, ಸೀಟಿ ಇಲ್ಲ, ಮತ್ತೆ ಯಾಕೆ ಕೇಳಲ್ಲ ಎಂದರು. ಡಾಕ್ಟರು ಹೇಗೆ ಪರೀಕ್ಷೆ ಮಾಡಿದರು ಎಂದು ಕಿವಿಯ ಹತ್ತಿರ ಬಾಯಿಟ್ಟು ವಿಚಾರಿಸಿದರು. ಅತ್ತೆಯವರು ದೊಡ್ಡಮ್ಮನ ಬರಿಗೊರಳನ್ನು ನೋಡಿದರು. ಆಮೇಲೆ ಬಹಳ ಮರುಕದಿಂದ ಕೇಳಿದರು:

"ಅಲ್ಲ ಅಕ್ಕಯ್ಯ, ಯಜಮಾನ್ರು ಇಲ್ದೋರಿಗೆ ಅಲ್ಲಿ ಕೈ ಯಾರು ಅದುಮ್ತಾರೆ?"

ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆಮೇಲೆ ಅತ್ತೆಯವರು ಹೇಳಿದ್ದು ಇದು. ಕಿವಿಗೆ ದೊಡ್ಡ ಬಟ್ಟಲಿನಂಥದ್ದು ಹಾಕಿದರು. ಆತ ಏನೋ ಹೇಳಿದ, ಅದು ಕೇಳಿಸಲಿಲ್ಲ. ನಿಮ್ಮ ಮಾವ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದು ಮೇಲೆ ಟವಲು ಹಾಕಿಕೊಂಡರು. ಆತ ಗುಂಡಿ ಒತ್ತುವ ಬೆರಳನ್ನೇ ನೋಡುತ್ತ, ಅವನು ಒತ್ತಿದಾಗಲೆಲ್ಲ ನನ್ನ ಕೈ ಅದುಮುತ್ತಿದ್ದರು. ಅದುಮಿದಾಗ ಇನ್ನೊಂದು ಕೈಯ ಬೆರಳು ಎತ್ತು ಎಂದು ಸನ್ನೆ ಮಾಡಿದರು, ಎತ್ತಿದೆ. ಒಂದೂ ತಪ್ಪಲಿಲ್ಲ.

ಪಾಪ, ಪರೀಕ್ಷೆಯೆಂದರೆ ಹೀಗೇ ಎಂದು ಅವರು ತಿಳಿದಿದ್ದರು. ಸದ್ದು ಕೇಳಿದಾಗ ಬೆರಳು ಎತ್ತಿ ಎಂದು ಆತ ಹೇಳಿದ್ದೇ ಅವರಿಗೆ ಕೇಳಿರಲಿಲ್ಲ. ಹೆಂಡತಿ ಫೇಲಾಗಬಾರದೆಂದು ಮಾವನವರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದ್ದರು. ಡಾಕ್ಟರು ಬಹಳ ನಿಷ್ಠೆಯಿಂದ, ಬಹಳ ಸೂಕ್ಷ್ಮವಾಗಿ, ನಮ್ಮ ಮಾವನ ಕಣ್ಣಿಗೆ ಸರಿಹೊಂದುವ ಕಿವಿ ಮಿಷನ್ನನ್ನು ಅತ್ತೆಗೆ ಕೊಟ್ಟಿದ್ದರು. ಅದೂ ಹೋಗಲಿ. ತಾವೇ ಕಾಪಿ ಹೊಡೆಸಿ ಪಾಸು ಮಾಡಿಸಿದ್ದನ್ನು ಮರೆತು, ಆ ಮಾರ್ಕನ್ನು ನಂಬಿ ಮನೆಯಲ್ಲಿ ಕೂತು ಹೆಂಡತಿಯನ್ನು ಬೈಯುತ್ತಿದ್ದರಲ್ಲ, ಅದಕ್ಕೇನು ಹೇಳಲಿ.

ದೊಡ್ಡಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಉಗುರಿನಿಂದ ಪ್ಲಾಸ್ಟರು ಎಬ್ಬಿಸಿ, ಅತ್ತೆಯವರನ್ನು ಒಲೆಯ ಮುಂದೆ ಕೂರಿಸಿ, ಸಾಸಿವೆ ಡಬ್ಬಿ ನನ್ನ ಕೈಗೆ ಕೊಟ್ಟರು. ಚಕ್ರವನ್ನು ಅತ್ತೆಯವರ ಬೆರಳಿಗೇ ಬಿಟ್ಟರು. ನಾನು ಒಂದೊಂದು ಚಿಟಿಕೆ ಹಾಕುತ್ತ ಹೋದೆ. ಒಂದನೇ ಅಂಕಿ ದಾಟಿತು, ಎರಡು ದಾಟಿತು. ಒಂದು ಹಂತದಲ್ಲಿ ಅತ್ತೆಯವರ ಬೆರಳು ನಿಂತಿತು.

"ಸಿಡೀತೈತೆ," ಎಂದರು ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಬಳೆ ಇಷ್ಟು ಸದ್ದು ಮಾಡ್ತಾವೇನಮ್ಮ?"

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಎಣ್ಣೆ ಸೀದುಹೋಯಿತು.

ಹೀಗಾಗಿ ಅವತ್ತು ದೇವರ ಮನೆಯಲ್ಲಿ ನಾನು ಪ್ಲಾಸ್ಟರನ್ನು ಮೊದಲಿನ ಹಾಗೆ ಅಂಟಿಸಿದ್ದು ನಿಜ. ಅದರ ಕೆಳಗಿನ ಚಕ್ರ ಮಾತ್ರ ಮೊದಲಿದ್ದಲ್ಲಿ ಇರಲಿಲ್ಲ.

ಗಂಡಿನ ಕಡೆಯವರು ಬಂದರು. ಹುಡುಗ, ಅವನ ತಾಯಿ, ಎಲ್ಲರ ಪರವಾಗಿ ಮಾತಾಡಲು ಅವನ ಚಿಕ್ಕಪ್ಪ. ಹೆಂಗಸರು ಒಳಬಾಗಿಲ ಹತ್ತಿರ ಕೂರುವುದು ನಮ್ಮಲ್ಲಿ ರೂಢಿ. ಆದರೆ ಮಾವನವರು ಹೆಂಡತಿಯನ್ನು ಜಮಖಾನೆಯ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಸೆರಗು ತಲೆಯ ಮೇಲಿದ್ದುದರಿಂದ ವೈರು ಕಾಣುತ್ತಿರಲಿಲ್ಲ. ಇಬ್ಬರ ನಡುವೆ ಅವರ ಟವಲು ಬಿದ್ದಿತ್ತು. ಎಷ್ಟು ಪ್ರೀತಿಯ ಗಂಡ ಎಂದು ಗಂಡಿನ ತಾಯಿ ಅಂದುಕೊಂಡಿರಬೇಕು. ನಾನು ಬೋಂಡದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಚಿಕ್ಕಪ್ಪ ಬೆಳುಗುಪ್ಪದ ಕಡೆಯ ಜಮೀನಿನ ಮಾತಾಡಿದರು, ಕಡಲೆಕಾಯಿ ಬೆಲೆಯ ಮಾತಾಡಿದರು, ಲಗ್ನದ ತಿಂಗಳು ಹೇಳಿದರು. ಸರಿಯಾದ ಕಡೆಗೆಲ್ಲ ಟವಲು ಒಂದಿಷ್ಟು ಅಲುಗಿತು, ಅತ್ತೆಯವರು ತಲೆ ಆಡಿಸಿದರು. ಆಮೇಲೆ ಚಿಕ್ಕಪ್ಪ ಬೋಂಡ ಮುರಿಯುತ್ತ, ಅದೇ ದನಿಯಲ್ಲಿ, ತೆಲುಗು ಬೆರೆಸಿ ಹೇಳಿದರು:

"ಕಾನ್ಪು ಮಾತ್ರಂ ಮಾ ಇಂಟ್ಲೋನೇ, ನಮ್ಮನೇಲೇ. ದವಾಖಾನೆ ಪಕ್ಕದಾಗೇ ಐತೆ. ಹೆರಿಗೆಗೆ ಅಂತ ಹಿಂದೂಪುರಕ್ಕೆ ಯಾಕೆ ಅಲೀಬೇಕು."

ಟವಲು ಅಲುಗಿತು. ಅತ್ತೆಯವರ ತಲೆ ಅಲುಗಲಿಲ್ಲ. ಟವಲು ಮತ್ತೆ, ಸ್ವಲ್ಪ ಜೋರಾಗಿಯೇ ಅಲುಗಿತು. ಅತ್ತೆಯವರು ಕೈಯನ್ನು ಹೊರಕ್ಕೆ ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ನಂಗೆ ಕೇಳಿಸ್ತು ಕಣಪ್ಪ," ಎಂದರು. "ಮೊದಲ್ನೇ ಬಾಣಂತನ ಇಲ್ಲೇ, ಈ ಮನೇಲೇ, ನಾನೇ ಮಾಡ್ತೀನಿ. ಅದಕ್ಕೆ ಒಪ್ಪಿಗೆ ಇಲ್ಲಾಂದ್ರೆ ಬೋಂಡ ತಿಂದು ಕಾಪಿ ಕುಡ್ಕಂಡು ಹೋಗಿ. ನಂಗೇನೂ ಬೇಜಾರಿಲ್ಲ."

ಮಾವನವರ ಕೈ ಟವಲಿನ ಕೆಳಗೆ ಒಂಟಿಯಾಗಿ ಉಳಿದಿತ್ತು. ಚಿಕ್ಕಪ್ಪ ಅತ್ತೆಯವರ ಕಡೆ ನೋಡಲೇ ಇಲ್ಲ. ಮಾವನವರನ್ನು ನೋಡಿ, ಮೋಸ ಹೋದವರ ದನಿಯಲ್ಲಿ ಹೇಳಿದರು:

"ಏನ್ ಸಾವ್ಕಾರ್ರೇ, ಅಮ್ಮಾವ್ರಿಗೆ ಕಿವಿ ಕೇಳ್ಸಲ್ಲ ಅಂತ ವಿಚಾರ್ಸಿಕೊಂಡೇ ಅಲ್ವಾ ನಾವು ಬಂದಿದ್ದು."

ಮಾವನವರು ಇಷ್ಟು ದಿನ ರೈಲು ಹತ್ತಿ, ಪ್ಲಾಸ್ಟರು ಹಾಕಿ, ರೇಡಿಯೋ ಕಥೆ ಕಟ್ಟಿ ಮುಚ್ಚಿಟ್ಟ ಕುಂದನ್ನು ಇವರು ಮೊದಲೇ ಪತ್ತೆ ಮಾಡಿ, ಅದನ್ನೇ ಗುಣವೆಂದು ಮೆಚ್ಚಿ ಬಂದಿದ್ದರು. ಬಾಯಿ ಹಾಕದ ಬೀಗಿತಿ ಎಲ್ಲಿ ಸಿಗುತ್ತಾಳೆ? ಮಾದರಿಗೆ ತೋರಿಸಿದ ಹುಣಸೆಯೊಂದು, ಮೂಟೆಯಲ್ಲಿ ಬಂದದ್ದೇ ಒಂದು ಎಂಬಂತೆ ಆ ಮನುಷ್ಯ ಮುಖ ಊದಿಸಿಕೊಂಡಿದ್ದರು. ಇಷ್ಟು ವರ್ಷದ ದಲ್ಲಾಳಿಕೆಯಲ್ಲಿ ಕೊಳ್ಳುವವನ ಮನಸ್ಸನ್ನು ಮಾವನವರು ಹೀಗೆ ತಪ್ಪಾಗಿ ಓದಿದ್ದು ಅದೊಂದೇ ಸಲ ಇರಬೇಕು.

ಕೊನೆಗೆ ಮಾತಾಡಿದವರು ಹುಡುಗನ ತಾಯಿ. ಅಲ್ಲಿಯವರೆಗೆ ಅವರ ದನಿಯನ್ನೇ ನಾವು ಕೇಳಿರಲಿಲ್ಲ.

"ನನ್ನ ಬಾಣಂತನ ನಮ್ಮಮ್ಮನೇ ಮಾಡಿದ್ದು," ಎಂದರು ಮೈದುನನ ಕಡೆ ತಿರುಗದೆ. "ಇವರು ಈ ಮಾತು ಎಲ್ಲಿಂದ ತಂದ್ರೋ ನಂಗೊತ್ತಿಲ್ಲ. ಆಗ್ಲಿ ಅಕ್ಕಯ್ಯ, ಹಂಗೇ ಆಗ್ಲಿ."

ಚಿಕ್ಕಪ್ಪ ಉಳಿದ ಬೋಂಡವನ್ನು ಯಾರ ಮುಖವನ್ನೂ ನೋಡದೆ ತಿಂದರು. ಇನ್ನೆರಡು ಹಾಕಿದೆ, ಅವನ್ನೂ ತಿಂದರು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಮಾವನವರು ಮಿಷನ್ನನ್ನು ಇಸಿದುಕೊಂಡು ನೋಡಿದರು. ಪ್ಲಾಸ್ಟರು ಇದ್ದಂತೆಯೇ ಇತ್ತು. "ನೋಡ್ದೇನಮ್ಮ, ದೊಡ್ಡ ಡಾಕ್ಟ್ರು ಅಂದ್ರೆ ಸುಮ್ನೆ ಅಲ್ಲ. ಮಿಷನ್ನೂ ಎತ್ತಿನಂಗೆ, ಪಳಗೋಕೆ ಒಂದಿಷ್ಟು ದಿನ ಬೇಕು," ಎಂದರು ನನಗೆ. ಹೌದು ಮಾವ ಎಂದೆ.

ಮರುವರ್ಷ ಅಚ್ಚು ಸಡಿಲಾಯಿತೆಂದು ಮತ್ತೆ ಬೆಂಗಳೂರಿಗೆ ಹೋದಾಗ ಅತ್ತೆಯವರು ಅಳತೆ ಕೋಣೆಗೆ ಒಬ್ಬರೇ ಹೋಗಿ ಬಾಗಿಲು ಹಾಕಿಸಿಕೊಂಡರು. ಈ ಸಲ ಚಪ್ಪಲಿ ಕಾದವರು ಮಾವನವರು. ಅಳತೆ ಮಾಡಿದಾತ ಇಷ್ಟು ಬೇಗ ಕಿವಿ ಇಷ್ಟೊಂದು ಕೆಟ್ಟಿತೇ ಎಂದು ಗಾಬರಿಯಾದನಂತೆ. ಆಮೇಲೆ ಡಾಕ್ಟರು ಡಬ್ಬಿಯ ಹಿಂದಿನ ಸಣ್ಣ ತಿರುಪನ್ನು ತಿರುಗಿಸಿ ಏನೋ ಸರಿಮಾಡಿದರು. ಪಾತ್ರೆಯ ಸದ್ದು ಹೊಡೆಯುವುದು ಕಡಿಮೆಯಾಯಿತು, ಮಾತು ಇನ್ನಷ್ಟು ಬಿಡಿಬಿಡಿಯಾಗಿ ಕೇಳತೊಡಗಿತು. ಅದು ಸಾಸಿವೆಯಿಂದ ಆಗುವ ಕೆಲಸವಲ್ಲ. ಆದರೆ ಚಕ್ರ ಬಂದು ನಿಂತದ್ದು ದೊಡ್ಡಮ್ಮನ ಒಲೆಯ ಮುಂದೆ ನಿಂತ ಜಾಗದ ಹತ್ತಿರವೇ. ಈಗಲೂ ಕೆಲವರು, ವಯಸ್ಸಾದವರಿಗೆ ಡಾಕ್ಟರ ಹತ್ತಿರ ಹಾಕಿಸುವುದು ಒಳ್ಳೆಯದೋ ಅಂಗಡಿಯಲ್ಲಿ ತಂದು ತಾವೇ ಹಾಕಿಕೊಳ್ಳುವುದೋ ಎಂದು ನನ್ನನ್ನು ಕೇಳುತ್ತಾರೆ. ಎರಡೂ ಆಗಬಹುದು, ಮನೆಯವರನ್ನು ಮಾತ್ರ ಹೊರಗೆ ಕೂರಿಸಿ ಎನ್ನುತ್ತೇನೆ. ಕಿರಿಯ ನಾದಿನಿಯ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮಗು ಅತ್ತರೆ ಮೊದಲು ಏಳುತ್ತಿದ್ದವರು ಅತ್ತೆಯವರೇ.

ಗಂಡಿನ ಕಡೆಯವರು ಬಂದು ಹೋದ ಆ ರಾತ್ರಿ ಮುದ್ದೆ, ಅವರೆಕಾಳು ಸಾರು, ಉಳಿದ ಬೋಂಡ. ಬೋಂಡ ತಣ್ಣಗಾಗಿ ಮೆತ್ತಗಾಗಿತ್ತು, ಸಾರಿನಲ್ಲಿ ಅದ್ದಿ ತಿಂದೆವು. ಅತ್ತೆಯವರು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ಊಟವಾದ ಮೇಲೆ ಮಾವನವರು ಗೋಡೆಗೆ ಒರಗಿ, ತಾವು ಈ ಸಂಬಂಧವನ್ನು ಹೇಗೆ ಕುದುರಿಸಿದರೆಂದು ಮೊದಲಿನಿಂದ ಹೇಳಲು ಶುರುಮಾಡಿದರು. ಅತ್ತೆಯವರು ಸ್ವಲ್ಪ ಹೊತ್ತು ಕೇಳಿದರು, ನಿಜವಾಗಿಯೇ ಕೇಳಿದರು. ಆಮೇಲೆ ಕಿವಿಯಿಂದ ಅಚ್ಚು ತೆಗೆದು, ವೈರು ಸುತ್ತಿ, ಡಬ್ಬಿಯನ್ನು ದಿಂಬಿನ ಕೆಳಗಿಟ್ಟು ಗೋಡೆಯ ಕಡೆಗೆ ತಿರುಗಿ ಎಲ್ಲರಿಗಿಂತ ಮೊದಲು ಮಲಗಿದರು. ಮಾವನವರು ಇನ್ನೂ ಲಗ್ನದ ತಿಂಗಳಿಗೆ ಬಂದಿರಲಿಲ್ಲ.